ಬಾವಿಯ ನೀರು, ಕಾಲೇಜಿನ ಮಕ್ಕಳು ಮತ್ತು ಕನ್ನಡದ ವರದಿ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣದ ಪಾಠ)



ನಮ್ಮ ಸಂಘದ ಸಭೆಯಲ್ಲಿ ಸಾಮಾನ್ಯವಾಗಿ ಯಾವ ವಿಷಯಗಳು ಬರುತ್ತವೆಂದು ನಿಮಗೆ ಗೊತ್ತಿದೆ. ಕನ್ನಡ ಪಠ್ಯಪುಸ್ತಕ ಸಕಾಲಕ್ಕೆ ಬಂತೇ, ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದರೇ, ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಎಷ್ಟು ಮಕ್ಕಳು ಸಿಗಬಹುದು, ಇವೇ ನಮ್ಮ ಚಿಂತೆಗಳು. ಇಂದು ನಾನು ಕುಡಿಯುವ ನೀರಿನ ಬಗ್ಗೆ ಮಾತಾಡುತ್ತೇನೆಂದು ಹೇಳಿದಾಗ, ಅದು ಆರೋಗ್ಯ ಇಲಾಖೆಯ ಕೆಲಸವಲ್ಲವೇ, ಕನ್ನಡ ಶಾಲೆಗೆ ಅದರಿಂದೇನು ಎಂದು ಕೆಲವರು ಕೇಳಿದರು. ಅದಕ್ಕೆ ಉತ್ತರ ಕೊಡುವುದೇ ಈ ಭಾಷಣದ ಉದ್ದೇಶ. ನಮ್ಮ ಬಾವಿಯ ನೀರನ್ನು ಪರೀಕ್ಷಿಸಬಲ್ಲ ಕಾಲೇಜುಗಳು ನಮ್ಮ ಜಿಲ್ಲೆಯಲ್ಲೇ ಇವೆ. ಆದರೆ ಆ ಪರೀಕ್ಷೆಯ ಫಲ ನಮ್ಮ ಮನೆಯವರು ಓದಬಲ್ಲ ಭಾಷೆಯಲ್ಲಿ ಮನೆಗೆ ತಲುಪದಿದ್ದರೆ ಪರೀಕ್ಷೆ ಮಾಡಿದ್ದೂ ಒಂದೇ, ಮಾಡದಿದ್ದುದೂ ಒಂದೇ.

ತಿಳಿನೀರೆಲ್ಲ ಶುದ್ಧ ನೀರಲ್ಲ

ನಮ್ಮದು ನೀರಿನ ಬಡತನದ ನಾಡಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಹಿರಿಯರು ಗುಡ್ಡೆಯ ಮೇಲೆ ಮದಕ ಕಟ್ಟಿದರು, ತೋಡಿಗೆ ಅಡ್ಡವಾಗಿ ಕಟ್ಟ ಹಾಕಿದರು, ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ಸುರಂಗದಿಂದ ನೀರು ತಂದರು. ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಗಳಲ್ಲಿ ಪಂಪು, ವಿದ್ಯುತ್ತು ಯಾವುದೂ ಇಲ್ಲದೆ ಇಂದಿಗೂ ಸುರಂಗದ ನೀರು ತಾನಾಗಿ ಅಂಗಳಕ್ಕೆ ಹರಿದು ಬರುವ ಮನೆಗಳಿವೆ. ಉಳಿದವರಿಗೆ ಮನೆಗೊಂದು ಬಾವಿ. ಹಾಗಾಗಿ ನಮ್ಮ ನೀರಿನ ಮೇಲೆ ನಮಗೆ ಬಹಳ ನಂಬಿಕೆ. ತಂಪಾಗಿದೆ, ತಿಳಿಯಾಗಿದೆ, ಸಿಹಿಯಾಗಿದೆ ಎಂದರೆ ಮುಗಿಯಿತು.

ಆದರೆ ರೋಗಾಣು ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ. ಮುರಕಲ್ಲು ತೂತು ತೂತಾದ ಕಲ್ಲು. ಮಳೆಯ ನೀರು ಅದರೊಳಗೆ ಬೇಗ ಇಳಿದು ಬಾವಿ ಸೇರುತ್ತದೆ. ಅದೇ ದಾರಿಯಲ್ಲಿ ಕಕ್ಕಸು ಗುಂಡಿಯ ನೀರು, ಹಟ್ಟಿಯ ನೀರು, ಗೊಬ್ಬರದ ಗುಂಡಿಯ ನೀರು ಸಹ ಇಳಿಯುತ್ತದೆ. ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರಿನೊಳಗೆ, ಅಂದರೆ ಸುಮಾರು 25 ಅಡಿಯೊಳಗೆ, ಶೌಚದ ಗುಂಡಿ ಇರಬಾರದೆಂದು ಕೇರಳದ ಕಟ್ಟಡ ನಿಯಮವೇ ಹೇಳುತ್ತದೆ. ನಮ್ಮ ನೆಲದಲ್ಲಿ ಆ ದೂರವೂ ಎಲ್ಲ ಕಡೆ ಸಾಲದು. ಐದು ಸೆಂಟ್ಸ್, ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರು ತಮ್ಮ ಗುಂಡಿಯನ್ನು ದೂರ ಮಾಡಿದರೂ ನೆರೆಮನೆಯ ಗುಂಡಿ ಬಾವಿಯ ಪಕ್ಕದಲ್ಲೇ ಇರುತ್ತದೆ. ಕೇರಳದ ತೆರೆದ ಬಾವಿಗಳಲ್ಲಿ ಮಲಮೂಲದ ಬ್ಯಾಕ್ಟೀರಿಯಾ ವ್ಯಾಪಕವಾಗಿದೆಯೆಂಬುದನ್ನು ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಮಳೆಗಾಲದಲ್ಲಿ ವಾಂತಿಭೇದಿ, ಕಾಮಾಲೆ ಎಂದು ಮಕ್ಕಳು ಶಾಲೆ ತಪ್ಪಿಸುವುದರ ಹಿಂದೆ ಹೆಚ್ಚಾಗಿ ಇರುವ ಕಾರಣ ಇದೇ.

ಕಾಲೇಜುಗಳು ಏನು ಮಾಡಬಲ್ಲವು?

ಈಗ ಕಾಲೇಜಿನ ಮಾತಿಗೆ ಬರೋಣ. ರಾಷ್ಟ್ರೀಯ ಸೇವಾ ಯೋಜನೆ ಎಂಬ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ ಅದು ಆರಂಭವಾಯಿತು. ಯೋಜನೆಯ ಕ್ರಮದಂತೆ ಸ್ವಯಂಸೇವಕ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸಮಾಜಸೇವೆ ಮಾಡಬೇಕು, ಏಳು ದಿನದ ಶಿಬಿರದಲ್ಲಿ ಭಾಗವಹಿಸಬೇಕು. 2014ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದ ಪ್ರಕಾರ ಅದರಲ್ಲಿ ಸೇರಿದ ಉನ್ನತ ಶಿಕ್ಷಣ ಸಂಸ್ಥೆಗಳು ಹಳ್ಳಿಗಳನ್ನು ದತ್ತು ತೆಗೆದುಕೊಂಡು ಕೆಲಸ ಮಾಡಬೇಕು. ಅಂದರೆ ಕಾಲೇಜಿನವರು ನಮ್ಮ ಊರಿಗೆ ಬರುವುದು ಅವರು ತೋರುವ ದಾಕ್ಷಿಣ್ಯವಲ್ಲ, ಅವರ ಕಲಿಕೆಯ ಒಂದು ಭಾಗ.

ಸಾಮಾನ್ಯವಾಗಿ ಶಿಬಿರವೆಂದರೆ ರಸ್ತೆ ಬದಿಯ ಪೊದೆ ಕಡಿಯುವುದು, ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ಕಟ್ಟಕ್ಕೆ ಮರಳಿನ ಚೀಲ ಹೊರುವುದು. ಅವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ರಸಾಯನಶಾಸ್ತ್ರ ಓದುವ ಹುಡುಗಿಗೆ ಪೊದೆ ಕಡಿಯುವುದಕ್ಕಿಂತ ಬೇರೊಂದು ಕೆಲಸವೂ ಗೊತ್ತಿದೆ. ಕಲಿತ ವಿದ್ಯೆಯನ್ನೇ ಊರಿನ ಕೆಲಸಕ್ಕೆ ಹಚ್ಚಿ, ಆ ಕೆಲಸದಿಂದ ಮತ್ತೆ ವಿದ್ಯೆಯನ್ನು ಕಲಿಯುವ ಕ್ರಮಕ್ಕೆ ಸೇವಾಕಲಿಕೆ ಎನ್ನುತ್ತಾರೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಹ್ಯೂರನ್ ಎಂಬ ನದಿಯಿದೆ. 1980ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ವಿಲಿಯಂ ಸ್ಟ್ಯಾಪ್ ಮತ್ತು ಅವರ ವಿದ್ಯಾರ್ಥಿಗಳು ಹೈಸ್ಕೂಲು ಮಕ್ಕಳೊಡನೆ ಸೇರಿ ಆ ನದಿಯ ನೀರನ್ನು ಪರೀಕ್ಷಿಸತೊಡಗಿದರು. ಅದು ಬೆಳೆದು ಹಲವು ದೇಶಗಳ ಶಾಲೆಗಳನ್ನು ಸೇರಿಸಿದ ಒಂದು ಜಾಲವೇ ಆಯಿತು.

ಅಷ್ಟು ದೂರ ಹೋಗಬೇಕಾಗಿಲ್ಲ. 2016ರ ಡಿಸೆಂಬರಿನಲ್ಲಿ ಆರಂಭವಾದ ಹರಿತ ಕೇರಳಂ ಮಿಷನ್ ನಮ್ಮ ರಾಜ್ಯದ ಅನೇಕ ಹೈಯರ್ ಸೆಕೆಂಡರಿ ಶಾಲೆಗಳ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲೇ ನೀರಿನ ಪರೀಕ್ಷೆಗೆ ವ್ಯವಸ್ಥೆ ಮಾಡಿಸಿದೆ. 2019ರಲ್ಲಿ ಬಂದ ಜಲಜೀವನ ಮಿಷನ್ ಪ್ರತಿ ಗ್ರಾಮದಲ್ಲಿ ಐದು ಮಂದಿ ಮಹಿಳೆಯರಿಗೆ ನೀರು ಪರೀಕ್ಷಿಸುವ ಪೆಟ್ಟಿಗೆ ಬಳಸಲು ತರಬೇತಿ ಕೊಡಬೇಕೆಂದು ಹೇಳಿದೆ. ಕಾಸರಗೋಡಿನ ಸರಕಾರಿ ಕಾಲೇಜು 1957ರಿಂದ ಇದೆ. ಅಲ್ಲಿ ರಸಾಯನಶಾಸ್ತ್ರ ವಿಭಾಗವಿದೆ, ನೆಲದ ಕಲ್ಲುಮಣ್ಣನ್ನು ಅಭ್ಯಸಿಸುವ ಭೂಗರ್ಭಶಾಸ್ತ್ರ ವಿಭಾಗವಿದೆ, ಮತ್ತು ಒಂದು ಕನ್ನಡ ವಿಭಾಗವೂ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು, ಪೊವ್ವಲಿನಲ್ಲಿ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜು, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯ ಇವೆ. ಸಾಮಗ್ರಿ ಇದೆ, ಕಲಿತವರಿದ್ದಾರೆ. ಕೊರತೆ ಇರುವುದು ಬೇರೆ ಕಡೆ.

ಓದಲಾಗದ ಕಾಗದ

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿದ್ಯಾರ್ಥಿಗಳು ಶಿಬಿರಕ್ಕೆಂದು ನಮ್ಮ ಪಕ್ಕದ ಊರಿಗೆ ಬಂದರು. ಶ್ರದ್ಧೆಯ ಮಕ್ಕಳು. ಮನೆ ಮನೆಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಹೋದರು. ಒಂದು ತಿಂಗಳ ಮೇಲೆ ವರದಿಗಳು ಬಂದವು. ಅಂಕಿಗಳ ಹೆಸರು ಇಂಗ್ಲಿಷಿನಲ್ಲಿ, ಕೆಳಗಿನ ಸೂಚನೆ ಮಲಯಾಳದಲ್ಲಿ. ನಮ್ಮ ಶಾಲೆಯ ಒಬ್ಬ ಮಗುವಿನ ತಾಯಿ ಆ ಕಾಗದವನ್ನು ರೇಶನ್ ಕಾರ್ಡಿನ ಜತೆ ಜೋಪಾನವಾಗಿ ಇಟ್ಟಿದ್ದರು. ಮತ್ತೊಂದು ಕೆಲಸಕ್ಕೆ ಶಾಲೆಗೆ ಬಂದವರು ಅದನ್ನು ತೋರಿಸಿ, “ಟೀಚರೇ, ಇದು ಪಂಚಾಯತಿನ ತೆರಿಗೆಯ ಕಾಗದವೋ ಏನು ನೋಡಿ” ಎಂದರು. ಅವರ ಬಾವಿಯಲ್ಲಿ ಇ. ಕೋಲಿ ಇದೆ, ಕ್ಲೋರಿನ್ ಹಾಕಬೇಕು, ಕುದಿಸದೆ ಕುಡಿಯಬಾರದು ಎಂದು ಅದರಲ್ಲಿ ಬರೆದಿತ್ತು. ಕಾಗದ ಮನೆಗೆ ಬಂದು ಮೂರು ತಿಂಗಳಾಗಿತ್ತು. ಅಷ್ಟೂ ದಿನ ಮನೆಯವರು ಅದೇ ನೀರನ್ನು ಹಾಗೆಯೇ ಕುಡಿದಿದ್ದರು.

ಆ ತಾಯಿ ಓದುಬರಹ ಬಾರದವರಲ್ಲ. ನಮ್ಮಂತಹದೇ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವರು. ಮನೆಯಲ್ಲಿ ತುಳು, ಓದುವುದು ಕನ್ನಡ. ಇಲ್ಲಿ ಕುಳಿತವರಲ್ಲಿ ಮನೆಮಾತು ತುಳುವಿನವರು, ಹವ್ಯಕದವರು, ಕೊಂಕಣಿಯವರು, ಮರಾಠಿಯವರು, ಬ್ಯಾರಿಯವರು ಇದ್ದೀರಿ. ನಮ್ಮೆಲ್ಲರ ಓದುಬರಹದ ಭಾಷೆ ಒಂದೇ, ಅದು ಕನ್ನಡ. 2025ರ ಆಗಸ್ಟ್ ಕೊನೆಯಲ್ಲಿ, ಅಮೀಬಾದಿಂದ ಬರುವ ಮಿದುಳುಜ್ವರದ ಭಯ ಹಬ್ಬಿದ್ದಾಗ, ರಾಜ್ಯದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನ ನಡೆಯಿತು. ಆ ಅಮೀಬಾ ದೇಹ ಸೇರುವುದು ಕುಡಿಯುವುದರಿಂದಲ್ಲ, ಮೂಗಿನೊಳಗೆ ನೀರು ಹೋಗುವುದರಿಂದ. ಕೆರೆಯಲ್ಲಿ ಮುಳುಗು ಹಾಕುವ ಮಗುವಿನ ತಾಯಿಗೆ ಈ ಒಂದು ವ್ಯತ್ಯಾಸ ಅರ್ಥವಾಗುವ ಭಾಷೆಯಲ್ಲಿ ತಿಳಿಯಬೇಕು. ಇಂತಹ ವಿಷಯದಲ್ಲಿ ಅರ್ಧ ತಿಳಿದರೆ ಸಾಲದು.

ನಮ್ಮ ಜಿಲ್ಲೆ ಇದರ ಬೆಲೆಯನ್ನು ಒಮ್ಮೆ ತೆತ್ತಿದೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡೆಯ ಮೇಲೆ ತೋಟ, ಕೆಳಗೆ ನಮ್ಮ ಮನೆ, ಬಾವಿ, ಸುರಂಗ. ಪಡ್ರೆಯಲ್ಲಿ ವೈದ್ಯರಾದ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ದನಿಯೆತ್ತಿದ ಮೇಲೆ ಹೊರಗಿನವರ ಗಮನ ಇತ್ತ ಹರಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಶಾಲಾ ಮಕ್ಕಳನ್ನೇ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಗೇರು ತೋಟದ ಬುಡದ ಊರಿನ 117 ಮಂದಿ ಹುಡುಗರನ್ನು ಬೇರೆಡೆಯ 90 ಮಂದಿಯೊಡನೆ ಹೋಲಿಸಿ, ವಿಷ ತಗಲಿದ ಕಡೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗಿರಬಹುದೆಂದು ಹೇಳಿದ್ದಾರೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು. ನಮ್ಮ ಕಡೆಯ ಮಕ್ಕಳು ಅಂದು ಪರೀಕ್ಷೆಗೆ ಒಳಗಾದವರು. ಇಂದಿನ ಮಕ್ಕಳು ತಾವೇ ಪರೀಕ್ಷೆ ಮಾಡುವವರಾಗಲಿ ಎಂಬುದು ನನ್ನ ಆಸೆ.

ನಾವು ಕೇಳಬೇಕಾದ ಒಪ್ಪಂದ

ಹಾಗಾದರೆ ಮಾಡಬೇಕಾದ್ದೇನು? ಕಾಲೇಜು, ಶಾಲೆ, ಮನೆ ಈ ಮೂರೂ ಸೇರಿ ಒಂದು ಒಪ್ಪಂದ ಮಾಡಿಕೊಳ್ಳಬೇಕು. ನನ್ನ ಸೂಚನೆ ಇಷ್ಟು.

ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ಬಾರಿ, ಏಪ್ರಿಲ್-ಮೇ ತಿಂಗಳ ಬೇಸಗೆಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ, ಅವವೇ ಬಾವಿಗಳ ನೀರನ್ನು ಪರೀಕ್ಷಿಸಲಿ. ಒಂದೇ ಬಾರಿ ಬಂದು ಹೋದರೆ ಬಾವಿಯ ಸ್ಥಿತಿ ತಿಳಿಯದು. ನಮ್ಮ ಎಂಟು, ಒಂಬತ್ತನೇ ತರಗತಿಯ ಮಕ್ಕಳು ಅವರೊಡನೆ ಹೋಗಿ, ಬಾವಿಯಿಂದ ಕಕ್ಕಸು ಗುಂಡಿಗೆ, ಹಟ್ಟಿಗೆ ಎಷ್ಟು ದೂರ, ಬಾವಿಗೆ ಕಟ್ಟೆ ಇದೆಯೇ, ಬಲೆ ಹೊದೆಸಿದ್ದಾರೆಯೇ ಎಂದು ಕನ್ನಡದಲ್ಲಿ ಬರೆದುಕೊಳ್ಳಲಿ. ಶಾಲೆಯಲ್ಲಿ ಅವರೇ ಮಾಡಬಹುದಾದ ಸುಲಭ ಪರೀಕ್ಷೆಯೂ ಇದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ಕೆ. ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನ ಅದು. ಔಷಧಿ ಹಚ್ಚಿದ ಕಾಗದವಿರುವ ಸಣ್ಣ ಬಾಟಲಿಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿರುವ ನೀರು ಕಪ್ಪಾಗುತ್ತದೆ. ಕಪ್ಪಾದ ಬಾಟಲಿಯನ್ನು ಮಕ್ಕಳು ತೆರೆಯಬಾರದು, ಅಧ್ಯಾಪಕರೇ ಬ್ಲೀಚಿಂಗ್ ಪೌಡರ್ ನೀರು ಹಾಕಿ ವಿಲೇವಾರಿ ಮಾಡಬೇಕು. ಇದು ಮೊದಲ ಸೂಚನೆ ಮಾತ್ರ. ಕಪ್ಪಾದ ಬಾವಿಯ ನೀರನ್ನು ಕಾಲೇಜಿಗೋ ಸರಕಾರಿ ಪ್ರಯೋಗಾಲಯಕ್ಕೋ ಕಳುಹಿಸಲೇಬೇಕು.

ಮುಖ್ಯವಾದ ಮಾತು ಇನ್ನು ಬರುತ್ತದೆ. ಅಂತಿಮ ವರದಿಯನ್ನು ಕನ್ನಡದಲ್ಲಿ ಬರೆಯುವ ಕೆಲಸವನ್ನು ಕಾಲೇಜಿನ ಕನ್ನಡ ವಿದ್ಯಾರ್ಥಿಗಳಿಗೆ ಒಪ್ಪಿಸಬೇಕು. ಸಾಹಿತ್ಯ ಓದುವ ವಿದ್ಯಾರ್ಥಿಗೆ ಸೇವಾ ಗಂಟೆ ಬೇಡವೇ? ಒಂದು ಪುಟದ, ದೊಡ್ಡ ಅಕ್ಷರದ, ಅಂಕಿಯ ಎದುರಿಗೆ ಏನು ಮಾಡಬೇಕೆಂದು ಹೇಳುವ ವರದಿ ಬರೆಯುವುದು ಸಣ್ಣ ವಿದ್ಯೆಯಲ್ಲ. ಅದನ್ನು ಮನೆಯಲ್ಲಿ ಓದಿ ಹೇಳುವವರು ನಮ್ಮ ಮಕ್ಕಳು. ಕನ್ನಡ ಓದಿದರೆ ಏನು ಉಪಯೋಗ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಯಾವ ಮಗುವೂ ಬಾವಿಗೆ ಬಗ್ಗಿ ನೀರು ಸೇದಬಾರದು, ನೀರು ಸೇದಿಕೊಡುವುದು ಮನೆಯ ಹಿರಿಯರ ಕೆಲಸ. ಯಾರ ಬಾವಿ ಕೆಟ್ಟಿದೆಯೆಂದು ಬೋರ್ಡಿನಲ್ಲಿ ಬರೆಯಬಾರದು, ಆಯಾ ಮನೆಯ ಫಲಿತಾಂಶ ಆಯಾ ಮನೆಗೆ ಮಾತ್ರ. ಊರಿಗೆ ಒಟ್ಟು ಲೆಕ್ಕ ಸಾಕು. ಮತ್ತು ಕೆಲಸ ಆರಂಭವಾಗಬೇಕಾದ್ದು ರಸ್ತೆ ಬದಿಯ ಅನುಕೂಲಸ್ಥರ ಮನೆಗಳಿಂದಲ್ಲ. ಕೊರಗರ ಕಾಲನಿಗಳಲ್ಲಿ, ಹತ್ತಾರು ಕುಟುಂಬ ಒಂದೇ ಬಾವಿಯನ್ನು ನಂಬಿದ ಕಡೆಗಳಲ್ಲಿ ಮೊದಲು ಆರಂಭವಾಗಲಿ.

ವರದಿ ಬಂದಾಗ ಓದುವುದು ಹೇಗೆ?

ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಮಿತಿಗಳನ್ನು ಗೊತ್ತುಮಾಡಿದೆ. ಇ. ಕೋಲಿ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ಇದ್ದರೆ ನೀರಿಗೆ ಮಲ ಸೇರಿದೆಯೆಂದೇ ಅರ್ಥ. ಪಿ.ಎಚ್. 6.5ರಿಂದ 8.5ರ ಒಳಗಿರಬೇಕು. ಮುರಕಲ್ಲಿನ ನೆಲದ ನೀರು ಇದಕ್ಕಿಂತ ತುಸು ಹುಳಿಯಾಗಿರುವುದು ಸಾಮಾನ್ಯ. ಅಂತಹ ನೀರು ಕಬ್ಬಿಣದ ಪೈಪನ್ನು ತಿನ್ನುತ್ತದೆ. ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಹಟ್ಟಿ, ಗೊಬ್ಬರ, ಕಕ್ಕಸು ಗುಂಡಿಗಳತ್ತ ನೋಡಬೇಕು. ನೈಟ್ರೇಟು ಕುದಿಸಿದರೆ ಹೋಗುವುದಿಲ್ಲ, ಎಳೆಮಗುವಿಗೆ ಆ ನೀರು ಅಪಾಯ. ಕಡಲ ಬದಿಯವರು ಕ್ಲೋರೈಡನ್ನು ನೋಡಬೇಕು. ಲೀಟರಿಗೆ 250 ಮಿಲಿಗ್ರಾಂ ದಾಟಿದರೆ ಉಪ್ಪುನೀರು ಒಳಬರುತ್ತಿರಬಹುದು.

ಇ. ಕೋಲಿ ಕಂಡರೆ ಗಾಬರಿಪಡಬೇಡಿ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ನೀರಿದೆಯೆಂದು ತಿಳಿಯುತ್ತದೆ. ಅಳತೆ ಮೀಟರಿನಲ್ಲಿರಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 9420 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರ್, ಅಂದರೆ ಈ ಬಾವಿಗೆ ಸುಮಾರು 24 ಗ್ರಾಂ. ಸೋಂಕು ಇದೆಯೆಂದು ತಿಳಿದಿದ್ದರೆ ಮೊದಲ ಬಾರಿ ಅದರ ಎರಡರಷ್ಟು. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗಿಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನಾಲ್ಕಾರು ಸಲ ಎತ್ತಿ ಮುಳುಗಿಸಿ ಕಲಕಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು, ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಉತ್ತಮ. ಕೆಲವು ದಿನಗಳ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ಆ ಬಳಿಕವೂ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಕೊಡುವ ಅಭ್ಯಾಸ ಬಿಡಿ, ಹಾಗೆ ಮಾಡಿದರೆ ಕುದಿಸಿದ್ದು ವ್ಯರ್ಥ.

ಹಕ್ಕು ಮತ್ತು ಕರ್ತವ್ಯ

ಕನ್ನಡದಲ್ಲಿ ವರದಿ ಕೇಳುವುದು ಅತಿಯಾಸೆಯೇ? ಅಲ್ಲ. ಸಂವಿಧಾನದ 350ನೇ ವಿಧಿಯಂತೆ ಯಾರೇ ಆಗಲಿ ತಮ್ಮ ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಬರೆದು ಸಲ್ಲಿಸಬಹುದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ವರ್ಷವೇ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಇರಬೇಕೆಂದಿತು. ಕೇರಳದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಎಂಬ ತತ್ವವನ್ನು 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿಕೊಂಡಿತ್ತು. ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ನಮ್ಮ ಮಕ್ಕಳು ಅದನ್ನೂ ಕಲಿಯಲಿ. ಆದರೆ ಕುಡಿಯುವ ನೀರಿನ ಎಚ್ಚರಿಕೆಯನ್ನು ಅರ್ಥ ಮಾಡಿಕೊಳ್ಳಲು ಒಂದು ಭಾಷೆ ಕಲಿತು ಮುಗಿಯುವ ತನಕ ಕಾಯಿರಿ ಎಂದು ಯಾರಿಗೂ ಹೇಳಲಾಗದು.

ಹಕ್ಕನ್ನು ಕೇಳುವವರು ತಮ್ಮ ಪಾಲಿನ ಕೆಲಸವನ್ನೂ ಮಾಡಬೇಕು. ನಿಮ್ಮಲ್ಲಿ ನನ್ನ ವಿನಂತಿ ಮೂರು. ಒಂದು, ಈ ಸಭೆಯಿಂದಲೇ ಹತ್ತಿರದ ಕಾಲೇಜಿನ ಪ್ರಾಂಶುಪಾಲರಿಗೂ ಪಂಚಾಯತಿಗೂ ಕನ್ನಡದಲ್ಲಿ ಒಂದು ಮನವಿ ಹೋಗಲಿ. ನಮ್ಮ ಶಾಲೆಯ ವ್ಯಾಪ್ತಿಯ ಬಾವಿಗಳನ್ನು ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಕೊಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯೋಣ. ಎರಡು, ವಿದ್ಯಾರ್ಥಿಗಳು ಮನೆಗೆ ಬಂದಾಗ ಬಾವಿಯನ್ನೂ ಗುಂಡಿಯನ್ನೂ ಸಂಕೋಚವಿಲ್ಲದೆ ತೋರಿಸಿ. ಮೂರು, ವರದಿಯನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಮಗುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸಿ, ಅದರಂತೆ ಮಾಡಿ.

ಬಾಯಾರಿದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳುತ್ತಾರೆ. ಕಾಮಾಲೆ ಬಂದ ಮೇಲೆ ಬಾವಿ ನೋಡುವುದೂ ಅಂತಹದೇ. ಮುಂದಿನ ಮಳೆಗಾಲಕ್ಕೆ ಮೊದಲು ಈ ಕೆಲಸ ಆರಂಭವಾಗಬೇಕು. ಮನವಿಯ ಕರಡನ್ನು ಬರೆದು ತಂದಿದ್ದೇನೆ. ಸಭೆ ಮುಗಿದ ಮೇಲೆ ಓದಿ, ತಿದ್ದಬೇಕಾದ್ದು ತಿದ್ದಿ, ಸಹಿ ಹಾಕಿಯೇ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.